ಚಿಪ್‌ನ ತಲೆಮಾರು ಬದಲಾದಾಗ ರಿಜಿಸ್ಟರ್ ಬಿಟ್‌ಗಳೂ ಜಾಗ ಬದಲಿಸಿದರೆ ಡ್ರೈವರ್ ಹೇಗೆ ಬರೆಯಬೇಕು?

ಪ್ರಶ್ನೆ ಇದು: ಸಿಂಧನೂರಿನ ಕಾಲುವೆಯ ನೀರಿನ ಮಟ್ಟ ಅಳೆಯುವ ಬೋರ್ಡಿನಲ್ಲಿ ಹಳೆ ಚಿಪ್‌ನ ರಿಜಿಸ್ಟರ್‌ನಲ್ಲಿ (ಸೆಟ್ಟಿಂಗ್ ಇಡುವ, ಚಿಪ್‌ನೊಳಗಿನ ಪುಟ್ಟ ಜಾಗ) ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಸೆಟ್ಟಿಂಗ್, 4ರಿಂದ 6ನೇ ಬಿಟ್‌ನಲ್ಲಿದೆ, ಹೊಸದರದ್ದು 8ರಿಂದ 11ರಲ್ಲಿ. ಎರಡಕ್ಕೂ ಒಂದೇ ಲಿನಕ್ಸ್ ಡ್ರೈವರ್ (ಚಿಪ್ ನಡೆಸುವ ಕೋಡ್) ಸಾಕೇ?

ಸಾಕು. ಆದರೆ ಕೋಡಿನ ಉದ್ದಕ್ಕೂ ‘ಹೊಸ ಚಿಪ್ ಆದರೆ ಹೀಗೆ’ ಎಂದು ಇಫ್ ಹಾಕುತ್ತಾ ಹೋಗಬೇಡಿ. ಮೂರನೇ ಚಿಪ್ ಬಂದಾಗ ಎಲ್ಲೋ ಒಂದು ಕಡೆ ಮರೆತೇ ಮರೆಯುತ್ತೀರಿ. ರಿಜಿಸ್ಟರ್ ಓದಿ ಬರೆಯಲು ಲಿನಕ್ಸ್‌ನಲ್ಲೇ ಇರುವ ರೆಗ್‌ಮ್ಯಾಪ್‌ನ ರೆಗ್_ಫೀಲ್ಡ್ ಬಳಸಿ; ಯಾವ ಸೆಟ್ಟಿಂಗ್ ಯಾವ ಬಿಟ್‌ಗಳಲ್ಲಿದೆ ಎಂದು ಹೇಳುವುದು ಅದೇ. ಪ್ರತಿ ತಲೆಮಾರಿಗೆ ಒಂದು ಟೇಬಲ್. ಅದರಲ್ಲಿ ರಿಜಿಸ್ಟರ್ ವಿಳಾಸ, ಕೆಳಗಿನ ಬಿಟ್, ಮೇಲಿನ ಬಿಟ್. ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಎಂಬ ವಿವರಣೆ) ಚಿಪ್ ಯಾವುದೆಂದು ಹೇಳುವ ಕಂಪ್ಯಾಟಿಬಲ್ ಹೆಸರು ನೋಡಿ, ಪ್ರೋಬ್‌ನಲ್ಲೇ (ಚಿಪ್ ಸಿಕ್ಕಾಗ ಡ್ರೈವರ್ ಶುರುವಾಗುವ ಹಂತ) ಟೇಬಲ್ ಆರಿಸಿ. ಉಳಿದ ಕೋಡಿಗೆ ‘ಗೇನ್’ ಎಂಬ ಹೆಸರಷ್ಟೇ ಸಾಕು.

ನಿಜವಾದ ಅಪಾಯ ಅಗಲದಲ್ಲಿದೆ. ಹಳೆಯದು 3 ಬಿಟ್, ಹೊಸದು 4. ಹಳೆ ಚಿಪ್‌ಗೆ 9 ಬರೆದರೆ ಮೇಲಿನ ಬಿಟ್ ಕತ್ತರಿಸಿ ಹೋಗಿ 1 ಕೂರುತ್ತದೆ. ಎರರ್ ಬರುವುದೇ ಇಲ್ಲ, ಅಳತೆ ಮಾತ್ರ ತಪ್ಪುತ್ತದೆ. ಹಾಗಾಗಿ ಗರಿಷ್ಠ ಮೌಲ್ಯವನ್ನೂ ಟೇಬಲ್‌ನಲ್ಲಿಟ್ಟು, ಬರೆಯುವ ಮುಂಚೆ ಪರೀಕ್ಷಿಸಿ, ಮೀರಿದರೆ ಇನ್‌ವ್ಯಾಲ್ (ಮೌಲ್ಯ ಸರಿಯಿಲ್ಲ ಎಂಬ) ಎರರ್ ಹಿಂತಿರುಗಿಸಿ.

ರಿಜಿಸ್ಟರ್‌ನ ಬಿಟ್‌ಗಳಿಗೆ ಹೆಸರಿಡಲು ಸಿ ಭಾಷೆಯ ಬಿಟ್‌ಫೀಲ್ಡ್ ಸ್ಟ್ರಕ್ಟ್ (ಪ್ರತಿ ಸದಸ್ಯಕ್ಕೂ ಎಷ್ಟು ಬಿಟ್ ಎಂದು ಬರೆಯುವ ರಚನೆ) ಅಂತೂ ಬೇಡವೇ ಬೇಡ: ಬಿಟ್‌ಗಳ ಕ್ರಮವನ್ನು ಸಿ ಸ್ಟ್ಯಾಂಡರ್ಡ್ ನಿಗದಿ ಮಾಡಿಲ್ಲ, ಅದನ್ನು ಕಂಪೈಲರ್‌ಗೆ ಬಿಟ್ಟಿದೆ.