ಹೃದಯದ ಕಲೆ ಸತ್ತ ಮಾಂಸವೇ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ನಮ್ಮ ತಂದೆಯವರಿಗೆ ಹೃದಯಾಘಾತವಾಯಿತು. ಎಕೋ ಪರೀಕ್ಷೆ ಮಾಡಿದ ವೈದ್ಯರು ಹೃದಯದ ಗೋಡೆಯಲ್ಲಿ ಕಲೆ ಉಳಿದಿದೆ, ಅದು ಕೊಲಾಜೆನ್ ಎಂದರು. ಅದು ಸತ್ತ ಮಾಂಸವೇ? ಕರಗಿಸಲು ಔಷಧವಿಲ್ಲವೇ? ಕೊಲಾಜೆನ್ ಪುಡಿ ಕುಡಿಸಿದರೆ ಕಲೆ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಸತ್ತ ಮಾಂಸವಲ್ಲ. ಸತ್ತ ಸ್ನಾಯುಕೋಶಗಳನ್ನು ಬಿಳಿ ರಕ್ತಕಣಗಳು ಮೊದಲ ಕೆಲವು ವಾರಗಳಲ್ಲೇ ತಿಂದು ತೆರವುಗೊಳಿಸುತ್ತವೆ. ಆ ಜಾಗಕ್ಕೆ ಬಂದು ಕಲೆಯನ್ನು ನೇಯುವವು ಫೈಬ್ರೋಬ್ಲಾಸ್ಟ್ ಎಂಬ ಜೀವಂತ ಕೋಶಗಳು.

ಕೊಲಾಜೆನ್ ಎಂದರೆ ಮೂರು ಎಳೆಗಳನ್ನು ಹೊಸೆದ ಹುರಿಯಂತಹ ಪ್ರೋಟೀನ್. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಮದ್ರಾಸಿನಲ್ಲಿ ಮುಂದಿಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ನಿಮ್ಮ ಕಡೆ ಎತ್ತರಕ್ಕೆ ಬೆಳೆದ ಕಬ್ಬು ಗಾಳಿಗೆ ಮಲಗದಿರಲೆಂದು ಅದರದೇ ಒಣ ತರಗನ್ನು ಹೊಸೆದು ಜಲ್ಲೆಗಳನ್ನು ಸೇರಿಸಿ ಕಟ್ಟುತ್ತಾರಲ್ಲವೇ, ಆರೋಗ್ಯವಂತ ಹೃದಯದಲ್ಲಿ ಸ್ನಾಯುಕೋಶಗಳನ್ನು ಕೊಲಾಜೆನ್ ಹಿಡಿದಿಡುವುದು ಹಾಗೆಯೇ.

ಆದರೆ ಫೈಬ್ರೋಬ್ಲಾಸ್ಟ್ ಕಟ್ಟಿ ಹೊರಟುಹೋಗುವ ಆಳಲ್ಲ. ತನ್ನ ಪೊರೆಯಲ್ಲಿರುವ ಇಂಟೆಗ್ರಿನ್‌ಗಳೆಂಬ ಕೈಗಳಿಂದ ಅದು ಕೊಲಾಜೆನ್ ಎಳೆಯನ್ನು ಹಿಡಿದು ತನ್ನತ್ತ ಜಗ್ಗುತ್ತಲೇ ಇರುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಬರಿಗಣ್ಣಿಗೇ ಕಾಣಬಹುದು: ಗಾಜಿನ ತಟ್ಟೆಯಲ್ಲಿ ಕೊಲಾಜೆನ್ ಲೋಳೆಯೊಳಗೆ ಈ ಕೋಶಗಳನ್ನು ಬೆರೆಸಿಟ್ಟರೆ, ತಟ್ಟೆಯ ಅಂಚಿನವರೆಗೆ ಹರಡಿದ್ದ ಬಿಲ್ಲೆ ಕೆಲವೇ ದಿನಗಳಲ್ಲಿ ಅಂಚು ಬಿಟ್ಟು, ಮುದುಡಿ, ನಾಣ್ಯದಷ್ಟಾಗಿ ಗಟ್ಟಿಯಾಗುತ್ತದೆ. ಚರ್ಮದ ಕೋಶಗಳಲ್ಲಿ ಇದನ್ನು 1979ರಲ್ಲೇ ತೋರಿಸಲಾಯಿತು. ಹೃದಯದ ಕೋಶಗಳೂ ಹೀಗೆಯೇ ನಡೆದುಕೊಳ್ಳುತ್ತವೆ. ಹೀಗೆ ಜಗ್ಗುವ ಜೊತೆಗೇ ಅವು ಹಳೆಯ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನೂ, ಹೊಸ ಎಳೆಗಳಿಗೆ ಅಡ್ಡಬೆಸುಗೆ ಹಾಕುವ ಕಿಣ್ವವನ್ನೂ ಸುರಿಸುತ್ತವೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಮಾತು. ಸುತ್ತಲಿನ ಅಂಗಾಂಶ ಬಿಗಿಯಾಗಿದೆಯೆಂದು ತಿಳಿದ ಕೋಶ ಇನ್ನಷ್ಟು ಬಲವಾಗಿ ಎಳೆಯುವ ಮಯೋಫೈಬ್ರೋಬ್ಲಾಸ್ಟ್ ಆಗಿ ಮಾರ್ಪಡುತ್ತದೆ. ಆ ಎಳೆತಕ್ಕೆ ಎಳೆಗಳ ನಡುವೆ ಅಡಗಿದ್ದ ಟಿಜಿಎಫ್-ಬೀಟಾ ಎಂಬ ಸಂಕೇತದ ಅಣು ಬಿಡುಗಡೆಯಾಗಿ, ಮತ್ತಷ್ಟು ಕೊಲಾಜೆನ್ ನೇಯಲು ಹೇಳುತ್ತದೆ. ಗಾಯವಾದ ಜಾಗದಲ್ಲಿ ಇದು ಬೇಕೇ ಬೇಕು. ಇಲಿಗಳಲ್ಲಿ ಈ ಕೆಲಸವನ್ನು ತಡೆದಾಗ ಹೃದಯದ ಗೋಡೆಯೇ ಒಡೆದದ್ದುಂಟು. ತೊಂದರೆ ಶುರುವಾಗುವುದು ಗಾಯವಿಲ್ಲದ ಕಡೆಗೂ ಈ ನೇಯ್ಗೆ ಹರಡಿ, ಹೃದಯ ಬಿರುಸಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಆಗದಂತಾದಾಗ.

ಆದ್ದರಿಂದ ಕಲೆಯನ್ನು ಕರಗಿಸುವ ಔಷಧ ಇಂದು ಚಿಕಿತ್ಸೆಯಲ್ಲಿ ಇಲ್ಲ, ಈಗಿರುವ ಕಲೆಯನ್ನು ಕರಗಿಸಬೇಕೆಂದು ನೀವು ಬಯಸುವುದೂ ಬೇಡ. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಮಾತ್ರೆಗಳು ರಕ್ತದೊತ್ತಡವನ್ನು ಇಳಿಸುವುದಷ್ಟೇ ಅಲ್ಲದೆ, ಕೊಲಾಜೆನ್ ನೇಯಲು ಪ್ರೇರೇಪಿಸುವ ಹಾರ್ಮೋನುಗಳ ಪ್ರಭಾವವನ್ನೂ ತಗ್ಗಿಸುತ್ತವೆ. ತಂದೆಯವರಿಗೆ ಅಂತಹವನ್ನು ಬರೆದುಕೊಟ್ಟಿದ್ದರೆ, ಮೈ ಹಗುರಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಪುಡಿಯ ವಿಷಯಕ್ಕೆ ಬಂದರೆ, ಕುಡಿದ ಕೊಲಾಜೆನ್ ಬೇಳೆಯ ಪ್ರೋಟೀನಿನಂತೆಯೇ ಹೊಟ್ಟೆಯಲ್ಲಿ ಚೂರಾಗುತ್ತದೆ. ಅದು ಎಳೆಯ ರೂಪದಲ್ಲೇ ಹೋಗಿ ಹೃದಯದ ಕಲೆಗೆ ಸೇರುವುದಿಲ್ಲ.