ಸಂಶಯ ಬಂದರೆ ಈಮಾನ್ (ನಂಬಿಕೆ) ಹೋಯಿತಾ?

ಪ್ರಶ್ನೆ: ಅಸ್ಸಲಾಮು ಅಲೈಕುಮ್ ಆಪಾ. ನನಗೆ 24 ವರ್ಷ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಐದು ತಿಂಗಳ ಹಿಂದೆ, ರಾತ್ರಿ ಡ್ಯೂಟಿಯಲ್ಲಿ, ಆರು ವರ್ಷದ ಹುಡುಗಿಯೊಬ್ಬಳು ನನ್ನ ಬೆರಳು ಹಿಡಿದುಕೊಂಡೇ ತೀರಿಕೊಂಡಳು. ಅವಳಿಗಾಗಿ ಮೂರು ದಿನ ದುಆ (ಪ್ರಾರ್ಥನೆ) ಮಾಡಿದ್ದೆ. ಆ ಬೆಳಿಗ್ಗೆ ನಸುಕಿನ ನಮಾಝ್ ಫಜ್ರ್‌ಗೆ ನಿಂತಾಗ, 'ಇದನ್ನೆಲ್ಲ ಕೇಳಿಸಿಕೊಳ್ಳುವವರು ಯಾರಾದರೂ ಇದ್ದಾರಾ?' ಅನ್ನಿಸಿತು. ಅಲ್ಲಿಂದ ಶುರು. ಎಲ್ಲವನ್ನೂ ಅಲ್ಲಾಹ್ ಸೃಷ್ಟಿಸಿದ, ಹಾಗಾದರೆ ಅಲ್ಲಾಹನನ್ನು ಯಾರು ಅಂತ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಬಾಯಲ್ಲಿ ಹೇಳಲಾಗದ ಮಾತುಗಳೂ ಬರುತ್ತವೆ. ನಮಾಝ್‌ಗೆ ಮುಂಚೆ ಮುಖ, ಕೈಕಾಲು ತೊಳೆಯುವ ವುಝೂ ಸರಿಯಾಗಿಲ್ಲ ಅನ್ನಿಸಿ ನಾಲ್ಕೈದು ಸಲ ತೊಳೆಯುತ್ತೇನೆ. ಮೊಣಕೈ ಚರ್ಮ ಒಡೆದಿದೆ. ಅಮ್ಮಿಗೆ ಹೇಳೋಕೆ ಧೈರ್ಯ ಇಲ್ಲ. ಹಿರಿಯರೊಬ್ಬರನ್ನು ಕೇಳಿದೆ, 'ಹೀಗೆಲ್ಲ ಯೋಚಿಸಿದರೆ ಈಮಾನ್ ಹೋಗುತ್ತೆ' ಅಂದುಬಿಟ್ಟರು. ನಾನು ಇನ್ನೂ ಮುಸ್ಲಿಮಳಾ? ಈ ಮನಸ್ಸಿಟ್ಟುಕೊಂಡು ನಮಾಝ್ ಮಾಡಿದರೆ ನಾಟಕ ಆಗಲ್ವಾ?
– ಹೆಸರು ಬೇಡ

ಉತ್ತರ: ವಅಲೈಕುಮುಸ್ಸಲಾಮ್ ತಂಗಿ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲು ಆ ಹೆದರಿಕೆಯನ್ನು ಕೆಳಗಿಡು. ನೀನು ಮುಸ್ಲಿಮಳೇ.

ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಪ್ರವಾದಿ ಮುಹಮ್ಮದರ (ಸ) ನುಡಿ-ನಡೆಗಳ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿ, ಈಮಾನ್‌ನ ಭಾಗದಲ್ಲೇ ಒಂದು ಹದೀಸ್ ಇದೆ. ಪ್ರವಾದಿಯವರ (ಸ) ಸಂಗಾತಿಗಳಾದ ಕೆಲವು ಸಹಾಬಿಗಳು ಅವರ ಹತ್ತಿರ ಬಂದು, ನಮ್ಮ ಮನಸ್ಸಿನಲ್ಲಿ ಎಂಥ ಮಾತು ಬರುತ್ತೆ ಅಂದರೆ ಅದನ್ನು ಬಾಯಲ್ಲಿ ಹೇಳೋಕೂ ಆಗಲ್ಲ ಅಂದರು. ಪ್ರವಾದಿಯವರು (ಸ) 'ನಿಜವಾಗಿ ಹಾಗನ್ನಿಸುತ್ತಾ?' ಅಂತ ಕೇಳಿದರು. ಹೌದು ಅಂದರು. 'ಅದೇ ಸ್ಪಷ್ಟವಾದ ಈಮಾನ್' ಅಂದರು. ಯೋಚಿಸು, ಪ್ರವಾದಿಯವರ ಪಕ್ಕದಲ್ಲೇ ಕೂತು ಕಲಿತವರಿಗೂ ಬಂದಿತ್ತು. ಬಂದದ್ದು ಅವರಿಗೆ ನೋವಾಯಿತಲ್ಲ, ಆ ನೋವನ್ನೇ ಪ್ರವಾದಿಯವರು ಈಮಾನ್ ಅಂದರು ಅಂತ ಉಲಮಾಗಳು (ಧರ್ಮ ವಿದ್ವಾಂಸರು) ವಿವರಿಸಿದ್ದಾರೆ. ನಂಬಿಕೆ ಇಲ್ಲದವಳು ಮೊಣಕೈ ಒಡೆಯುವವರೆಗೆ ಯಾಕೆ ತೊಳೆಯುತ್ತಾಳೆ, ಹೇಳು?

ನನಗೂ ಒಂದು ಕಾಲ ಇತ್ತು. ತಮ್ಮ ತೀರಿಕೊಂಡ ವರ್ಷ. ಅವನಿಗೆ ಹತ್ತೊಂಬತ್ತು. ಐದು ಹೊತ್ತೂ ನಮಾಝ್‌ಗೆ ನಿಲ್ಲುತ್ತಿದ್ದೆ, ಒಳಗೆ ಏನೂ ಇರುತ್ತಿರಲಿಲ್ಲ. ನಮಾಝ್‌ಗೆ ಹಾಸುವ ನನ್ನ ಜಾನಮಾಝ್‌ನ ಅಂಚಿನಲ್ಲಿ ಒಂದು ಹಸಿರು ಎಳೆ ಕಿತ್ತು ಬಂದಿತ್ತು. ಸಜ್ದಾದಲ್ಲಿ ಹಣೆ ಊರಿದಾಗ ಅದು ಕಣ್ಣಿಗೆ ಅಷ್ಟು ಹತ್ತಿರ. ತಸ್ಬೀಹ್ ಹೇಳುತ್ತಾ ಅದನ್ನೇ ನೋಡುತ್ತಿದ್ದೆ. ಅದರ ತುದಿ ಮೂರು ಕವಲಾಗಿತ್ತು, ಇವತ್ತಿಗೂ ನೆನಪಿದೆ. ಆ ವರ್ಷದ ನಮಾಝ್‌ನಲ್ಲಿ ನನಗೆ ನೆನಪಿರೋದು ಅಷ್ಟೇ. ಆದರೂ ಅದನ್ನು ನಾಟಕ ಅಂತ ಹೇಳೋಕೆ ನನ್ನ ಮನಸ್ಸು ಒಪ್ಪಲ್ಲ. ಬರೋಕೆ ಶಕ್ತಿ ಇಲ್ಲದಿದ್ದರೂ ಬಂದು ನಿಂತಿದ್ದೆ ಅಲ್ವಾ?

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ನೀನು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟಿ 'ಸಂಶಯ' ಅಂತ ಹೆಸರಿಟ್ಟಿದ್ದೀಯ.

ತಲೆಯಲ್ಲಿ ಗಿರಗಿರನೆ ಸುತ್ತುವ ಮಾತು ವಸ್ವಾಸ್. ಅಲ್ಲಾಹನನ್ನು ಯಾರು ಸೃಷ್ಟಿಸಿದರು ಅನ್ನುವ ನಿನ್ನ ಪ್ರಶ್ನೆ ಅದೇ ಮಾತುಗಳಲ್ಲಿ ಹದೀಸ್ ಸಂಗ್ರಹಗಳಾದ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಶೈತಾನ ಇದು ಯಾರು ಮಾಡಿದ್ದು, ಅದು ಯಾರು ಮಾಡಿದ್ದು ಅಂತ ಕೇಳುತ್ತಾ ಕೊನೆಗೆ ಅಲ್ಲಿಗೆ ತಂದು ನಿಲ್ಲಿಸುತ್ತಾನೆ. ಅಷ್ಟಕ್ಕೆ ಬಂದಾಗ ಅಲ್ಲಾಹನ ರಕ್ಷಣೆ ಬೇಡಿ, ಅಲ್ಲಿಗೇ ನಿಲ್ಲಿಸಿ ಅಂತ ಪ್ರವಾದಿಯವರು (ಸ) ಹೇಳಿದ್ದಾರೆ. ನಿಲ್ಲಿಸಿ ಅನ್ನೋ ಮಾತನ್ನು ಗಮನಿಸು. ಅದರ ಜೊತೆ ವಾದಕ್ಕೆ ಕೂರಬೇಡ. ನೀನು ಒಂದು ಉತ್ತರ ಕೊಟ್ಟರೆ ಅದು ಇನ್ನೆರಡು ಕೇಳುತ್ತೆ. ಒತ್ತಾಯದಿಂದ ಓಡಿಸೋಕೂ ಹೋಗಬೇಡ. ಬಂತಾ, ಬರಲಿ. ಕೈಯಲ್ಲಿರುವ ಕೆಲಸ ಮುಂದುವರಿಸು. ಮನಸ್ಸಿನಲ್ಲಿ ಸುಳಿದದ್ದನ್ನು ಆಡದೆ, ಮಾಡದೆ ಇರುವವರೆಗೆ ಅಲ್ಲಾಹ್ ಕ್ಷಮಿಸಿದ್ದಾನೆ ಅಂತಲೂ ಹದೀಸ್ ಇದೆ.

ವುಝೂ ವಿಷಯ ಇದಕ್ಕಿಂತ ಅರ್ಜೆಂಟ್. ಪ್ರವಾದಿಯವರು (ಸ) ಪ್ರತಿ ಅಂಗವನ್ನು ಮೂರು ಸಲ ತೊಳೆದು ತೋರಿಸಿ, ಇದಕ್ಕಿಂತ ಜಾಸ್ತಿ ಮಾಡಿದವನು ತಪ್ಪು ಮಾಡಿದ ಅಂದಿದ್ದಾರೆ. ಗಾಳಿ ಹೋಗಿ ವುಝೂ ಮುರಿಯಿತೇನೋ ಅನ್ನುವ ಅನುಮಾನಕ್ಕೂ, ಶಬ್ದ ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಟ್ಟು ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಖಚಿತವಾಗಿ ಇದ್ದದ್ದು ಸಂಶಯದಿಂದ ಬಿದ್ದುಹೋಗಲ್ಲ ಅನ್ನೋದು ಇಸ್ಲಾಮೀ ಧರ್ಮಶಾಸ್ತ್ರವಾದ ಫಿಕ್ಹ್‌ನ ದೊಡ್ಡ ನಿಯಮ. ಇಷ್ಟು ಗೊತ್ತಿದ್ದೂ ಕೈ ನಿಲ್ಲುತ್ತಿಲ್ಲ ಅಂದರೆ, ತಂಗಿ, ಅದು ಈಮಾನ್‌ನ ಕೊರತೆ ಅಲ್ಲ. ಓಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸವನ್ನು ಮಾಡಿಸುತ್ತಲೇ ಇರುವ ಕಾಯಿಲೆ, ಇರಬಹುದು. ನೀನು ನರ್ಸ್, ಆ ಹೆಸರು ನಿನಗೆ ಗೊತ್ತು. ಅದಕ್ಕೆ ಚಿಕಿತ್ಸೆ ಇದೆ. ತೊಳೆಯಬೇಕು ಅನ್ನುವ ತಳಮಳ ಬಂದಾಗ ತೊಳೆಯದೆ ಕೂರೋದನ್ನು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುತ್ತಾರೆ, ಬೇಕಿದ್ದರೆ ಮಾತ್ರೆ ಕೊಡುತ್ತಾರೆ. ಮನೋವೈದ್ಯರ ಹತ್ತಿರ ಹೋಗೋದು ದೀನ್‌ನಿಂದ ದೂರ ಹೋದಂತೆ ಅನ್ನುವವರ ಮಾತು ಕೇಳಬೇಡ. 934ರಲ್ಲಿ ತೀರಿಕೊಂಡ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್-ಬಲ್ಖೀ ದೇಹ, ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ವಸ್ವಾಸ್‌ಗೇ ಒಂದು ಅಧ್ಯಾಯ ಇಟ್ಟಿದ್ದರು. ನಮ್ಮವರಿಗೆ ಇದು ಹೊಸದಲ್ಲ.

ಇನ್ನು ನಿಜವಾದ ಪ್ರಶ್ನೆಗಳು. ಅವನ್ನು ಮಾತ್ರ ಅದುಮಿಡಬೇಡ, ಕೇಳು. ಕುರ್‌ಆನ್‌ನ ಅಲ್-ಬಖರಾ ಅಧ್ಯಾಯದ 260ನೇ ಆಯತ್ (ವಾಕ್ಯ) ತೆಗೆದು ನೋಡು. ಸತ್ತವರನ್ನು ಹೇಗೆ ಬದುಕಿಸುತ್ತೀಯ, ತೋರಿಸು ಅಂತ ಪ್ರವಾದಿ ಇಬ್ರಾಹೀಮ್ (ಅ) ಅಲ್ಲಾಹನನ್ನೇ ಕೇಳಿದರು. 'ನಿನಗೆ ನಂಬಿಕೆ ಇಲ್ಲವೇ?' 'ಇದೆ, ಆದರೆ ನನ್ನ ಮನಸ್ಸಿಗೆ ನೆಮ್ಮದಿಯಾಗಲಿ ಅಂತ.' ಅಲ್ಲಾಹ್ ಬೈಯಲಿಲ್ಲ. ನಾಲ್ಕು ಹಕ್ಕಿ ತಗೋ, ನಿನಗೆ ಒಗ್ಗಿಸಿಕೋ, ಒಂದೊಂದು ಬೆಟ್ಟದ ಮೇಲೆ ಒಂದೊಂದು ಪಾಲು ಇಡು, ಆಮೇಲೆ ಕರೆ, ಓಡೋಡಿ ಬರುತ್ತವೆ ಅಂದ. ಈ ಆಯತ್ ಓದುವಾಗಲೆಲ್ಲ ನನಗೆ ಹಕ್ಕಿ ಒಗ್ಗಿಸುವ ಮಾತೇ ಹಿಡಿದು ನಿಲ್ಲಿಸುತ್ತೆ. ಹಕ್ಕಿ ಒಂದು ದಿನಕ್ಕೆ ಒಗ್ಗಲ್ಲ. ಕೈಚಾಚಿ, ಅಲುಗದೆ, ಎಷ್ಟೋ ಹೊತ್ತು ಕೂರಬೇಕು. ಇಬ್ರಾಹೀಮರ (ಅ) ಪ್ರಶ್ನೆಗೆ ಉತ್ತರವಾಗಿ ಅಲ್ಲಾಹ್ ಅವರ ಕೈಗೆ ಒಂದು ಕೆಲಸ ಕೊಟ್ಟ.

ದೊಡ್ಡ ವಿದ್ವಾಂಸರಾದ ಇಮಾಮ್ ಗಝಾಲಿ ಕೂಡ ಹೀಗೆ ಸಿಕ್ಕಿಬಿದ್ದವರೇ. ನೆರಳು ನಿಂತಂತೆ ಕಾಣುತ್ತೆ, ಆದರೆ ಚಲಿಸುತ್ತಿರುತ್ತೆ. ನಕ್ಷತ್ರ ದೀನಾರಿನಷ್ಟು ಕಾಣುತ್ತೆ, ಆದರೆ ಭೂಮಿಗಿಂತ ದೊಡ್ಡದು. ಹಾಗಾದರೆ ಕಣ್ಣನ್ನು ನಂಬೋದು ಹೇಗೆ, ಬುದ್ಧಿಯನ್ನು ನಂಬೋದು ಹೇಗೆ ಅಂತ ಸುಮಾರು ಎರಡು ತಿಂಗಳು ಒದ್ದಾಡಿದ್ದನ್ನು ಅವರೇ ಬರೆದಿದ್ದಾರೆ. ವಾದ ಜೋಡಿಸಿ ಹೊರಗೆ ಬಂದದ್ದಲ್ಲ, ಅಲ್ಲಾಹ್ ಎದೆಗೆ ಹಾಕಿದ ಬೆಳಕಿನಿಂದ ಅಂತಾರೆ. ಕೇಳಿದ ತಕ್ಷಣ ಗದರದೆ ಕೂತು ಮಾತಾಡುವ ಆಲಿಮ್‌ ಒಬ್ಬರನ್ನು ಹುಡುಕು. ಮೊದಲನೆಯವರು ಬೈದರೆ ಇನ್ನೊಬ್ಬರ ಹತ್ತಿರ ಹೋಗು.

ಕೊನೆಯದು ಆ ಹುಡುಗಿ. ಇಡೀ ಪತ್ರದಲ್ಲಿ ಅವಳಿಗೆ ಸಿಕ್ಕಿದ್ದು ಎರಡೇ ಸಾಲು. ಆದರೆ ನಿನ್ನ ಸಂಶಯಕ್ಕೆ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತೆ. ನೀನು ಅವಳಿಗಾಗಿ ಅತ್ತಿದ್ದೀಯಾ? ಆ ಮಗು ಯಾಕೆ ಹೋಯಿತು ಅನ್ನೋದಕ್ಕೆ ನಾನು ಒಂದು ಸಾಲಿನ ಉತ್ತರ ಕೊಡಲ್ಲ. ತಮ್ಮ ಹೋದಾಗ ನನಗೆ ಹಾಗೆ ಕೊಟ್ಟವರ ಮೇಲೆ ತುಂಬಾ ಸಿಟ್ಟು ಬಂದಿತ್ತು. ಪ್ರವಾದಿಯವರು (ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ಉಸಿರು ಬಿಡುವಾಗ ಎತ್ತಿಕೊಂಡು ಅತ್ತರು. ಕಣ್ಣು ನೀರು ಸುರಿಸುತ್ತೆ, ಮನಸ್ಸು ನೋಯುತ್ತೆ ಅಂದರು. ಪ್ರವಾದಿ ಯಾಕೂಬ್ (ಅ) ಮಗನಿಗಾಗಿ ಅತ್ತೂ ಅತ್ತೂ ಕಣ್ಣು ಬೆಳ್ಳಗಾಯಿತು. ಅವರು ತಮ್ಮ ದುಃಖ ತೋಡಿಕೊಂಡದ್ದೂ ಅಲ್ಲಾಹನ ಹತ್ತಿರವೇ. 'ಕೇಳಿಸಿಕೊಳ್ಳುವವರು ಯಾರಾದರೂ ಇದ್ದಾರಾ?' ಅನ್ನುವ ನಿನ್ನ ಮಾತನ್ನು ಬೇರೆ ಎಲ್ಲೂ ಹೇಳಬೇಕಿಲ್ಲ, ಸಜ್ದಾದಲ್ಲೇ ಹೇಳು. ನಿನ್ನ ಭಾಷೆಯಲ್ಲಿ, ಕೈ ಎತ್ತಿ ದುಆ ಮಾಡುವಾಗಲೂ ಹೇಳಬಹುದು.

ಅಮ್ಮಿಗೆ ಸಂಶಯದ ಕಥೆಯೆಲ್ಲ ಈಗಲೇ ಹೇಳಬೇಡ. ಒಂದು ಮಗು ನಿನ್ನ ಬೆರಳು ಹಿಡಿದು ಹೋಯಿತು ಅಂತ ಹೇಳು. ಮೊಣಕೈ ತೋರಿಸು. ಈ ವಾರವೇ ಡಾಕ್ಟರ ಅಪಾಯಿಂಟ್‌ಮೆಂಟ್ ತಗೋ, ಅವರು ಏನಂದರು ಅಂತ ನನಗೆ ಬರಿ. ನಾನು ಕಾಯುತ್ತಿರುತ್ತೇನೆ.