ತಂತಿ, ಕೇಬಲ್, ಇಂಟರ್‌ನೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ರೈಸ್‌ಮಿಲ್ ಆಫೀಸಿನಿಂದ ವೇಬ್ರಿಡ್ಜ್‌ಗೆ ಸುಮಾರು 130 ಮೀಟರ್. ನೆಟ್‌ವರ್ಕ್ ಕೇಬಲ್ ಎಳೆದು ಪಿಒಇ ಕ್ಯಾಮೆರಾ ಹಾಕಿಸಿದ್ದೇವೆ. ಹಗಲೆಲ್ಲ ಸರಿಯಾಗಿರುತ್ತದೆ, ಕತ್ತಲಾದ ಮೇಲೆ ಆಫ್ ಆಗಿ ಆನ್ ಆಗುತ್ತಲೇ ಇರುತ್ತದೆ. ಕ್ಯಾಮೆರಾ ಬದಲಿಸಿದರೂ ಅದೇ ಪಾಡು.
– ಓದುಗರು, ಗಂಗಾವತಿ

ಉತ್ತರ: ಇನ್ನೊಂದು ಕ್ಯಾಮೆರಾ ಕೊಳ್ಳಬೇಡಿ, ತೊಂದರೆ ಕೇಬಲ್‌ನಲ್ಲಿದೆ. ಪಿಒಇಯಲ್ಲಿ ಡೇಟಾ, ಕರೆಂಟ್ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಕತ್ತಲಾದೊಡನೆ ಕ್ಯಾಮೆರಾದ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಕರೆಂಟ್ ಹೆಚ್ಚು ಎಳೆಯುತ್ತವೆ. ಉದ್ದದ ತಂತಿಯಲ್ಲಿ ವೋಲ್ಟೇಜ್ ಕುಸಿದು ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಎಲ್‌ಇಡಿ ಹೊತ್ತಿದೊಡನೆ ಮತ್ತೆ ಅದೇ.

ನೆಟ್‌ವರ್ಕ್ ಕೇಬಲ್ ಕ್ಯಾಟ್ 5ಇ ದರ್ಜೆಯದಿರಲಿ, ಕ್ಯಾಟ್ 6 ಇರಲಿ, ಎರಡು ತುದಿಯ ಪ್ಯಾಚ್ ಕಾರ್ಡ್ (ಉಪಕರಣಕ್ಕೆ ಜೋಡಿಸುವ ತುಂಡು ಕೇಬಲ್) ಸೇರಿಸಿ ಮಿತಿ 100 ಮೀಟರ್. ಅದರ ಮೇಲೆ ನಿಮ್ಮದು ಸಿಸಿಎ ಕೇಬಲ್ ಇದ್ದರೆ ಕೇಳುವುದೇ ಬೇಡ. ಸಿಸಿಎ ಎಂದರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಶುದ್ಧ ತಾಮ್ರಕ್ಕಿಂತ ಅದರ ಪ್ರತಿರೋಧ ಸುಮಾರು ಒಂದೂವರೆ ಪಟ್ಟು. ಒಂದು ಎಳೆಯನ್ನು ಸುಲಿದು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ಸಿಸಿಎ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೆರೆದು ನೋಡುವುದು ಒಳ್ಳೆಯದು.

ನಿಮಗೆ ಸರಿಯಾದ ದಾರಿ ಫೈಬರ್, ಅಂದರೆ ಡೇಟಾವನ್ನು ಬೆಳಕಾಗಿ ಒಯ್ಯುವ ಗಾಜಿನ ಎಳೆ. ವೇಬ್ರಿಡ್ಜ್ ಕೋಣೆಯಲ್ಲಿ 230 ವೋಲ್ಟ್ ಹೇಗೂ ಇರುತ್ತದೆ. ಆಫೀಸಿನಲ್ಲೊಂದು, ಅಲ್ಲೊಂದು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್ಲಿಗೂ ಫೈಬರ್‌ಗೂ ಕೊಂಡಿಯಾಗುವ ಡಬ್ಬಿ), ನಡುವೆ ಸಿಂಗಲ್ ಮೋಡ್ ಫೈಬರ್, ಆ ಕೋಣೆಯಲ್ಲಿ ಒಂದು ಸಣ್ಣ ಪಿಒಇ ಸ್ವಿಚ್. ಒಂದೇ ಎಳೆಯ ಫೈಬರ್‌ನಲ್ಲಿ ನಡೆಯುವ ಕನ್ವರ್ಟರ್ ಆದರೆ ಒಂದು ತುದಿಗೆ ‘ಎ’, ಇನ್ನೊಂದಕ್ಕೆ ‘ಬಿ’ ಬೇಕು. ಎರಡೂ ‘ಎ’ ತಂದರೆ ಲಿಂಕ್ ದೀಪ ಹೊತ್ತುವುದೇ ಇಲ್ಲ. ಆಸರೆಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಕೇಳಿ ತನ್ನಿ. ಆಗ ಸಿಡಿಲಿನ ಹೊಡೆತ ಆ ದಾರಿಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಮಿಲ್ಲಿನೊಳಗೆ ಉಳಿಯುವ ತಾಮ್ರದ ನೆಟ್‌ವರ್ಕ್ ಕೇಬಲ್‌ಗಳನ್ನು ಮೋಟಾರಿನ ತ್ರೀಫೇಸ್ ಲೈನಿನ ಪೈಪಿನಲ್ಲಿ ತೂರಿಸಬೇಡಿ. ದಾಟಲೇಬೇಕಾದ ಕಡೆ ಅಡ್ಡಡ್ಡ, ನೇರ ಕೋನದಲ್ಲಿ ದಾಟಿಸಿ.

ಪ್ರಶ್ನೆ: ಫೈಬರ್ ಇಂಟರ್‌ನೆಟ್ ಡಬ್ಬಿಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿನುಗುತ್ತಿದೆ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಹೋಗುತ್ತಿಲ್ಲ.
– ಓದುಗರು, ಕೊಪ್ಪಳ

ಉತ್ತರ: ಹೊರಗಿನಿಂದ ಬೆಳಕು ನಿಮ್ಮ ಡಬ್ಬಿಗೆ ತಲುಪುತ್ತಿಲ್ಲ ಎಂದರ್ಥ. ಹಳದಿ ಅಥವಾ ಬಿಳಿ ತೆಳು ವೈರು ಬೀರುವಿನ ಹಿಂದೆ ಮಡಚಿಕೊಂಡಿದೆಯೇ, ಹಸಿರು ಕನೆಕ್ಟರ್ ಪೂರ್ತಿ ಕೂತಿದೆಯೇ ನೋಡಿ. ಕನೆಕ್ಟರ್ ಬಿಚ್ಚಿದರೆ ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಒಳಗೆ ಇಣುಕಬೇಡಿ. ಇವೆರಡೂ ಸರಿಯಿದ್ದರೆ ಲೈನ್‌ಮನ್ ಬರಲೇಬೇಕು.

ಪ್ರಶ್ನೆ: 200 ಎಂಬಿಪಿಎಸ್ ಪ್ಲಾನ್ ಇದೆ. ಕೇಬಲ್ ಹಾಕಿದ ಕಂಪ್ಯೂಟರ್‌ನಲ್ಲಿ 94–95ಕ್ಕಿಂತ ಮೇಲೇರುವುದಿಲ್ಲ.
– ಓದುಗರು, ಬಳ್ಳಾರಿ

ಉತ್ತರ: 95ರ ಹತ್ತಿರ ಗಟ್ಟಿಯಾಗಿ ನಿಂತರೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ ಎಂದೇ ತಿಳಿಯಿರಿ. ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. 100ಕ್ಕೆ ಎರಡು ಜೋಡಿ ಸಾಕು, ಅಂದರೆ 1, 2, 3, 6ನೇ ಪಿನ್‌ಗಳು; 1000ಕ್ಕೆ ನಾಲ್ಕೂ ಬೇಕು. ಒಂದೇ ಒಂದು ಎಳೆ ಸರಿಯಾಗಿ ಕೂರದಿದ್ದರೂ ಹೀಗಾಗುತ್ತದೆ. ರೂಟರ್ ಅಥವಾ ಸ್ವಿಚ್ಚಿನ ಪೋರ್ಟೇ 100ರದ್ದು ಇರಬಹುದು, ಅದನ್ನು ಮೊದಲು ನೋಡಿ.

ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದರೆ ಎರಡೂ ತುದಿ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಹಾಕಿ. ಕ್ಲಿಪ್ ಕೆಳಗಿರುವಂತೆ ಹಿಡಿದು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಿರುಚಿದ ಜೋಡಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಡಿಸಬೇಡಿ. ಕ್ರಿಂಪ್ ಮಾಡುವ (ಇಕ್ಕಳದಿಂದ ಒತ್ತಿ ಕೂರಿಸುವ) ಮುಂಚೆ ಎಂಟೂ ತುದಿಗಳು ಪ್ಲಗ್ಗಿನ ಮುಂಗೋಡೆಗೆ ತಾಗಿವೆಯೇ, ಕೇಬಲ್‌ನ ಹೊರಸಿಪ್ಪೆ ಪ್ಲಗ್ಗಿನ ಒಳಗಿದೆಯೇ ನೋಡಿ. ಎಳೆದಾಗ ಜೋರು ಬೀಳಬೇಕಾದದ್ದು ಸಿಪ್ಪೆಯ ಮೇಲೆ, ಎಳೆಗಳ ಮೇಲಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ ಟನ್ ಎಸಿಯ 16 ಆಂಪಿಯರ್ ಎಂಸಿಬಿ ಬೀಳುತ್ತದೆ. 32ರದ್ದು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ವೈರು 2.5 ಸ್ಕ್ವೇರ್ ಎಂಎಂ.
– ಓದುಗರು, ರಾಯಚೂರು

ಉತ್ತರ: ಖಂಡಿತ ಹಾಕಿಸಬೇಡಿ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್; ಅದು ಕಾಯುವುದು ಗೋಡೆಯೊಳಗಿನ ವೈರನ್ನು. 30 ಆಂಪಿಯರ್ ಹರಿದರೂ 32ರ ಎಂಸಿಬಿ ಸುಮ್ಮನಿರುತ್ತದೆ, ಪೈಪಿನೊಳಗಿನ 2.5ರ ವೈರಿನ ಇನ್ಸುಲೇಷನ್ ಮಾತ್ರ ಬೇಯುತ್ತದೆ. ಬೆಂಕಿ ಹತ್ತುವುದು ಹೀಗೆಯೇ.

ಬೀಳುವ ಹೊತ್ತು ಗಮನಿಸಿ. ಕಂಪ್ರೆಸರ್ ಶುರುವಾದ ಕ್ಷಣವೇ ಬಿದ್ದರೆ ಅದು ಬಹುಶಃ ‘ಬಿ’ ಮಾದರಿ ಎಂಸಿಬಿ. ‘ಸಿ’ ಮಾದರಿ ಹಾಕಿಸಿ. ‘ಬಿ’ ತನ್ನ ಮೇಲೆ ಬರೆದ ಆಂಪಿಯರ್‌ನ 3ರಿಂದ 5 ಪಟ್ಟು ಕರೆಂಟಿಗೇ ಥಟ್ಟನೆ ಬೀಳುತ್ತದೆ, ‘ಸಿ’ 5ರಿಂದ 10 ಪಟ್ಟಿನವರೆಗೆ ತಾಳುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಬಿದ್ದರೆ ಶಾಖದ ಕಾರಣ. ಎಂಸಿಬಿಯ ಮೇಲೆ ಬರೆದ ಆಂಪಿಯರ್ 30 ಡಿಗ್ರಿ ತಾಪಮಾನದ ಲೆಕ್ಕ. ನಿಮ್ಮೂರ ಬಿಸಿಲಿನಲ್ಲಿ ಪಡುವಣ ಗೋಡೆಯ ಡಿಬಿ ಬಾಕ್ಸಿನೊಳಗೆ (ಎಂಸಿಬಿಗಳನ್ನು ಕೂರಿಸಿರುವ ಪೆಟ್ಟಿಗೆ) ಅದಕ್ಕಿಂತ ತುಂಬಾ ಹೆಚ್ಚಿರುತ್ತದೆ, ಹಾಗಾಗಿ ಬೇಗ ಬೀಳುತ್ತದೆ. ಸಡಿಲವಾದ ಸ್ಕ್ರೂ ಕೂಡ ಬಿಸಿ ಹುಟ್ಟಿಸುತ್ತದೆ. ಮೇನ್ ಆಫ್ ಮಾಡಿ ಬಿಗಿ ಮಾಡಿಸಿ, ವೈರಿನ ತುದಿ ಕಪ್ಪಾಗಿದೆಯೇ ನೋಡಿಸಿ. ಅದೇ ಲೈನಿನಲ್ಲಿ ಗೀಸರ್ ಇದ್ದರೆ ಬೇರ್ಪಡಿಸಿ. ಆಮೇಲೂ ಬಿದ್ದರೆ ಕ್ಲ್ಯಾಂಪ್ ಮೀಟರ್ ಹಿಡಿಸಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಸಿ. ಇಂಥ ಎಸಿ ಸಾಮಾನ್ಯವಾಗಿ 7–9 ಆಂಪಿಯರ್ ಎಳೆಯುತ್ತದೆ. ತುಂಬಾ ಹೆಚ್ಚು ತೋರಿಸಿದರೆ ಎಸಿ ಮೆಕ್ಯಾನಿಕ್‌ನನ್ನು ಕರೆಸಿ. ಹೊಸ ಲೈನ್ ಎಳೆಸುವುದೇ ಆದರೆ ಎಸಿಗೆ ಪ್ರತ್ಯೇಕವಾಗಿ 4 ಸ್ಕ್ವೇರ್ ಎಂಎಂ ತಾಮ್ರ, ‘ಸಿ’ 20 ಆಂಪಿಯರ್ ಎಂಸಿಬಿ, ಜೊತೆಗೆ ಹಸಿರು ಅರ್ಥಿಂಗ್ ವೈರು.